ಉಪ್ಪುನೀರು ಕುಡಿಸಿದ ಕಂಡಕ್ಟರ್

ಆಗ ನಾನು ಹರಿಹರ–ದಾವಣಗೆರೆ ಬಸ್ಸಿನ ಕಂಡಕ್ಟರ್. ಒಂದಿನ ಬಸ್ಸಿನೊಳಗೆ ಸೀಮೆಎಣ್ಣೆ ವಾಸನೆ ಮೂಗಿಗೆ ಬಡೀತು.

"ಯಾರ್ರೀ ಸೀಮೆಎಣ್ಣೆ ತಂದಿರೋದು? ಇಳೀರಿ ಕೆಳಗೆ!" ಅಂತ ಗದರಿದೆ.

ಒಬ್ಬ ಹೆಂಗಸು ಸೆರಗು ಸರಿಸಿ ಮಡಿಲಲ್ಲಿದ್ದ ಕೂಸನ್ನು ತೋರಿಸಿದಳು. "ನಾ ತಂದಿಲ್ಲಣ್ಣ. ನೀರು ಅಂತ ಇವನೇ ಕುಡಿದುಬಿಟ್ಟಾನೆ. ದವಾಖಾನೆಗೆ ಹೊಂಟೀನಿ."

ನನಗೆ ನಾಚಿಕೆಯಾಯಿತು. ನಮ್ಮ ಕಡೆ ಯಾರು ಏನು ಕುಡಿದರೂ ಉಪ್ಪುನೀರೇ ಔಷಧಿ. ಬಸ್ ನಿಲ್ಲಿಸಿ, ಹೋಟೆಲಿನಿಂದ ತಂದು ನಾನೇ ಕುಡಿಸಿದೆ. ಕೂಸು ವಾಂತಿ ಮಾಡಿತು. ಬಸ್ಸಿನವರೆಲ್ಲ ನನ್ನನ್ನು ಹೊಗಳಿದರು. ದಾವಣಗೆರೆಯಲ್ಲಿ ನಾನೇ ಎತ್ತಿಕೊಂಡು ದವಾಖಾನೆಗೆ ಓಡಿದೆ.

ಡಾಕ್ಟರು ಎದೆ ಪರೀಕ್ಷಿಸಿ ಸಿಡುಕಿದರು. "ಹೊಟ್ಟೆಯಲ್ಲಿದ್ದ ಎಣ್ಣೇನ ವಾಂತಿ ಮಾಡಿಸಿ ಶ್ವಾಸಕೋಶಕ್ಕೆ ಇಳಿಸಿದೀರಿ. ಯಾರು ಮಾಡಿಸಿದ್ದು?"

ಆಕೆ ನನಗೆ ಕೈಮುಗಿದಳು. "ಈ ಅಣ್ಣಾರೇ ಸಾರ್. ದೇವರು ಬಂದಂಗೆ ಬಂದ್ರು."

ರೂಲ್ಸಿನ ಪ್ರಕಾರ ಅವತ್ತು ಬಸ್ಸಿನಿಂದ ಇಳಿಸಿಬಿಟ್ಟಿದ್ದರೇ ಆ ಕೂಸು ಉಳೀತಿತ್ತೇನೋ.