ಬೆಳ್ಳಿ ಕೊಕ್ಕಿನ ಕಡಲಹಕ್ಕಿ

೧೯೯೬ರಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟು, ಬೀದರಿನ ಉಸ್ತಾದರೊಬ್ಬರ ಹತ್ತಿರ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸಕ್ಕೆ ಕೂತೆ. ಲೋಹಕ್ಕೆ ಕಪ್ಪು ತರುವ ಕೋಟೆಯ ಮಣ್ಣನ್ನು ಅವರು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, "ಕಪ್ಪು ಬರ್ತದೋ ಇಲ್ಲೋ, ಮಣ್ಣೇ ಹೇಳ್ತದ ಬೇಟಾ" ಅನ್ನುತ್ತಿದ್ದರು.

ಕಾರವಾರದ ಗಿರಾಕಿಯೊಬ್ಬರು ಸಿಂಪಿ ಒಡೆದು ತಿನ್ನುವ ಕಡಲಹಕ್ಕಿಯ ಫೋಟೊ ಕೊಟ್ಟು, ಅಂಥದೇ ಬಿದ್ರಿ ಹಕ್ಕಿ ಬೇಕೆಂದಿದ್ದರು. ಕಡಲನ್ನೇ ಕಾಣದ ಉಸ್ತಾದರು ಕಪ್ಪು ಮೈಗೆ ಬೆಳ್ಳಿಯ ಹೊಟ್ಟೆ, ಬೆಳ್ಳಿಯ ಕೊಕ್ಕು ಕೂರಿಸಿದರು.

"ಫೋಟೊದಲ್ಲಿದ್ದಂತೆ ಕೊಕ್ಕು ಕೆಂಪಿರಬೇಕು. ಬಣ್ಣ ಬಳಿದುಕೊಡಿ," ಎಂದರು ಗಿರಾಕಿ.

"ಬಣ್ಣ ಹಚ್ಚಿದ್ರ ಅದು ಬಿದ್ರಿ ಹ್ಯಾಂಗಾಗ್ತದ್ರಿ?"

ಗಿರಾಕಿ ಹಕ್ಕಿಯನ್ನು ಅಲ್ಲೇ ಬಿಟ್ಟು ಹೋದರು. ಸಂಜೆ ಕಿಟಕಿಯ ಬಿಸಿಲು ಆ ಕೊಕ್ಕಿನ ಮೇಲೆ ಕೆಂಪಗೆ ನಿಂತಿತು. ಉಸ್ತಾದರು ಉಳಿ ಕೆಳಗಿಟ್ಟು ಬಹಳ ಹೊತ್ತು ನೋಡಿದರು.

"ಸಮುದ್ರ ಇಲ್ಲಿಗೇ ಬಂತು ನೋಡು ಬೇಟಾ."

ಈಗ ನನಗೆ ಸ್ವಂತದ ಅಂಗಡಿ ಒಂದು, ಅವರ ಉಳಿ ಎರಡು, ಮಾರದೆ ಇಟ್ಟುಕೊಂಡ ಹಕ್ಕಿ ಒಂದು.