ಡಿಬಗ್ಗರಿನಲ್ಲಿ ನಿಲ್ಲದ ಗುರುತು

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನಾನು ತೇರದಾಳದಿಂದ ಬಸ್ಸು ಹಿಡಿದು ದಿನವೂ ಬನಹಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಜಮಖಂಡಿಯಲ್ಲಿ ಡಿಪ್ಲೊಮಾ ಮುಗಿಸಿದ್ದೆ. ಕೆಲಸ ಕೊಟ್ಟವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು; ಮೂವತ್ತು ವರ್ಷ ವಿದ್ಯುತ್ ಮಗ್ಗಗಳ ರಿಪೇರಿ ಮಾಡಿದವರು. ಸೀರೆಯಂಚಿನ ಡಿಸೈನಿಗಾಗಿ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ ಬಳಸುವ ಬದಲು, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದನ್ನು ತಯಾರಿಸುವ ಹಟ ಅವರಿಗಿತ್ತು. ಪೆಟ್ಟಿಗೆ ಅವರದು, ಒಳಗಿನ ಪ್ರೋಗ್ರಾಮು ನನ್ನದು.

ಮೊದಲ ಪೆಟ್ಟಿಗೆಯನ್ನು ಕಾಕಾ ತಮ್ಮದೇ ಶೆಡ್ಡಿನ ಮಗ್ಗಕ್ಕೆ ಕೂಡಿಸಿದರು. ಆ ಮಗ್ಗ ನಡೆಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ಬೀಳಗಿ ಕಡೆಯ ಅವರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಬನಹಟ್ಟಿಗೆ ಬಂದು ನೇಯುವುದನ್ನು ಕಲಿತವರು. ನಾನು ಅವರನ್ನು ಚಿಗವ್ವ ಎಂದು ಕರೆಯುತ್ತಿದ್ದೆ. ಮಾತು ಕಡಿಮೆ. ಮಗ್ಗದ ಸದ್ದಿನಲ್ಲಿ ಮಾತಾಡಿ ಫಲವೂ ಇರಲಿಲ್ಲ.

ಎರಡು ದಿನ ಸೀರೆ ಚೆನ್ನಾಗಿ ಬಂತು. ಮೂರನೆಯ ದಿನ ಅಂಚಿನ ಹೂವು ನಡುವಿನಲ್ಲೇ ಒಂದು ಸಾಲು ಜಾರಿತ್ತು. ಮುಂದೆಯೂ ಹಾಗೆಯೇ, ಯಾವಾಗ ಜಾರುತ್ತದೆಂದು ಹೇಳಲಾಗದು.

ಪೆಟ್ಟಿಗೆ ದಿನವಿಡೀ ಪಡೆದ ಸಂಕೇತಗಳನ್ನೆಲ್ಲ ದಾಖಲಿಸಿಕೊಳ್ಳುತ್ತಿತ್ತು. ಅದನ್ನು ನನ್ನ ಕಂಪ್ಯೂಟರಿಗೆ ತಂದು, ಡಿಬಗ್ಗರಿನ ಕೆಳಗೆ ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಡಿಬಗ್ಗರ್ ಎಂದರೆ ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದಲ್ಲಿ ತಡೆದು ಒಳಗೇನು ನಡೆದಿದೆ ಎಂದು ತೋರಿಸುವ ಇನ್ನೊಂದು ಪ್ರೋಗ್ರಾಮು. ಸಾವಿರಾರು ಸಲ ತಡೆದು ನೋಡುವುದು ಕೈಯಿಂದ ಆಗದು. ಅದಕ್ಕೆ ಸಣ್ಣ ಸ್ಕ್ರಿಪ್ಟು ಬರೆದು ಒಪ್ಪಿಸಬಹುದು. ನನ್ನ ಪ್ರೋಗ್ರಾಮಿನೊಳಗೆ ಥ್ರೆಡ್ ಎನ್ನುವ ಹಲವು ಕೆಲಸಗಳು ಹುಟ್ಟಿ ಮುಗಿಯುತ್ತಿದ್ದವು. ಮಗ್ಗವನ್ನು ಗುಂಡಿ ಒತ್ತಿ ನಿಲ್ಲಿಸಿದ್ದರಿಂದ ಹುಟ್ಟಿದ ಥ್ರೆಡ್ ಯಾವುದು ಎಂದು ತಿಳಿಯಲು ನನ್ನ ಸ್ಕ್ರಿಪ್ಟು ಅದರ ಸಂಖ್ಯೆಯನ್ನು ಒಂದು ಪಟ್ಟಿಯಲ್ಲಿ ಬರೆದು, ಗುಂಡಿಯದೆಂದು ಗುರುತು ಹಾಕಿಕೊಳ್ಳುತ್ತಿತ್ತು.

ಹೂವು ಜಾರಿದ ಕಡೆಯೆಲ್ಲ ಆ ಗುರುತೇ ಸಿಕ್ಕಿತು. ನಾನು ಕಾಕಾರಿಗೆ ಹೇಳಿದೆ, "ಕಾಕಾ, ಪ್ರೋಗ್ರಾಮಿನ್ಯಾಗ ಏನೂ ತಪ್ಪಿಲ್ರಿ. ಚಿಗವ್ವ ಲಾಳಿ ನಡುವ ಇದ್ದಾಗನ ಗುಂಡಿ ಒತ್ತಿ ನಿಲ್ಲಸಾಕತ್ತಾರ."

ಕಾಕಾ ಮರುದಿನವೇ ಅವರನ್ನು ಮೂಲೆಯ ಹಳೆಯ ಮಗ್ಗಕ್ಕೆ ಕಳಿಸಿ, ಬೇರೆಯವರನ್ನು ಕೂರಿಸಿದರು. ಚಿಗವ್ವ ತಮ್ಮ ನೀರಿನ ತಂಬಿಗೆ ಎತ್ತಿಕೊಂಡು ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕೇ ದಿನಕ್ಕೆ ಕಾಕಾ ಸೀರೆಯೊಂದನ್ನು ತಂದು ನನ್ನ ಮೇಜಿನ ಮೇಲೆ ಹರವಿದರು. "ಈಗ ಅಕಿ ಇಲ್ಲ. ಆದ್ರೂ ದಡಿ ಮ್ಯಾಲಿನ ಹೂವು ಜಾರೇತಿ. ಏನ್ ಹೇಳ್ತಿ ತಂಗಿ?"

ದಾಖಲೆಯನ್ನು ಮೊದಲಿನಿಂದ ನಿಧಾನವಾಗಿ ಓಡಿಸಿದೆ. ಆಗ ಗುಂಡಿಯನ್ನು ಯಾರೂ ಮುಟ್ಟದ ಹೊತ್ತಿನಲ್ಲಿ ಹುಟ್ಟಿದ ಥ್ರೆಡ್ಡಿಗೂ ಗುಂಡಿಯ ಗುರುತು ಬಿದ್ದಿದ್ದು ಕಂಡಿತು. ಒಂದು ಥ್ರೆಡ್ ಮುಗಿದರೆ ಅದರ ಸಂಖ್ಯೆಯನ್ನು ಕಂಪ್ಯೂಟರು ಮುಂದೆ ಇನ್ನೊಂದಕ್ಕೆ ಕೊಡಬಹುದು. ನನ್ನ ಪಟ್ಟಿಗೆ ಅದು ಗೊತ್ತಿಲ್ಲ. ಸತ್ತ ಥ್ರೆಡ್ಡಿನ ಗುರುತನ್ನು ಹೊಸದರ ತಲೆಗೆ ಕಟ್ಟಿತ್ತು. ನಾನು ಅದನ್ನು ಚಿಗವ್ವನ ತಲೆಗೆ ಕಟ್ಟಿದ್ದೆ.

ಗುರುತು ಬೇರೆ ಪಟ್ಟಿಯಲ್ಲಿ ಇರಬಾರದು, ಆ ಥ್ರೆಡ್ಡಿನ ಬದಲಿಗೆ ಡಿಬಗ್ಗರ್ ಸ್ಕ್ರಿಪ್ಟಿನ ಕೈಗೆ ಕೊಡುವ ವಸ್ತುವಿನ, ಅಂದರೆ ಆಬ್ಜೆಕ್ಟಿನ, ಮೇಲೆಯೇ ಇರಬೇಕು ಎನಿಸಿತು. ಸ್ಕ್ರಿಪ್ಟಿನಲ್ಲಿ ಹಾಗೆ ಬರೆದರೆ ಡಿಬಗ್ಗರ್ ಒಪ್ಪಲಿಲ್ಲ. ತಾನು ಕೊಟ್ಟ ಹೆಸರು, ಸಂಖ್ಯೆ ಮುಂತಾದ ಗುಣಗಳನ್ನು ಓದಬಹುದು. ಬಳಸುವವರು ತಮ್ಮದೊಂದನ್ನು ಸೇರಿಸುವಂತಿಲ್ಲ. ಆದರೆ ಆ ಡಿಬಗ್ಗರಿನ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿತ್ತು. ಅದನ್ನು ಇಳಿಸಿಕೊಂಡು, ವಸ್ತುವಿಗೆ ನಮ್ಮ ಗುಣಗಳನ್ನು ಇಟ್ಟುಕೊಳ್ಳುವ ಜಾಗವೊಂದನ್ನು ಕೂಡಿಸಿದೆ. ಈ ಸಲ ಗುರುತು ಬರೆಯಲು ಬಿಟ್ಟಿತು. ಮತ್ತೆ ಅದೇ ಥ್ರೆಡ್ಡನ್ನು ಕೇಳಿದರೆ ಗುರುತೇ ಇಲ್ಲ!

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ನಾನು ಕೇಳಿದಾಗಲೆಲ್ಲ ಡಿಬಗ್ಗರ್ ಆ ಥ್ರೆಡ್ಡಿಗೆ ಹೊಸದೊಂದು ವಸ್ತು ಮಾಡಿ ಕೊಡುತ್ತಿತ್ತು. ನಾನು ಬರೆದದ್ದು ಹಳೆಯದರ ಮೇಲೆ, ಓದುತ್ತಿದ್ದದ್ದು ಹೊಸದರಲ್ಲಿ. ಒಂದು ಥ್ರೆಡ್ ಇರುವಷ್ಟು ಕಾಲ ಒಂದೇ ವಸ್ತು, ಎಷ್ಟು ಸಲ ಕೇಳಿದರೂ ಅದನ್ನೇ ಕೊಡಬೇಕು ಎಂದು ತಿದ್ದಿದೆ. ಗುರುತು ನಿಂತಿತು. ಥ್ರೆಡ್ ಮುಗಿದಾಗ ಅದರ ಜೊತೆಗೇ ಹೋಯಿತು.

ಆಮೇಲೆ ನಿಜವಾದ ತಪ್ಪು ಸಿಗಲು ಅರ್ಧ ದಿನ ಸಾಕಾಯಿತು. ಕರೆಂಟು ಹೋಗಿ ಬಂದಾಗ ನನ್ನ ಪ್ರೋಗ್ರಾಮು ಕೆಲವೊಮ್ಮೆ ಕೊನೆಯ ಸಾಲನ್ನು ಎರಡು ಸಲ ಎಣಿಸುತ್ತಿತ್ತು. ಗುಂಡಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಸಂಜೆ ಚಿಗವ್ವನ ಮನೆಗೆ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಿಂತುಕೊಂಡೇ ಹೇಳಿದೆ, "ಚಿಗವ್ವಾ, ತಪ್ಪು ನಂದ ಐತ್ರಿ. ಕರೆಂಟ್ ಹೋಗಿ ಬಂದಾಗ ಪೆಟಗಿ ತಪ್ಪು ಎಣಸಾಕತ್ತಿತ್ತು. ನಿಮ್ಮ ಮ್ಯಾಲ ಹಾಕಿದ್ನಿ."

ಅವರು ಮೊರ ನಿಲ್ಲಿಸಿದರು. "ಕರೆಂಟ್ ಹ್ವಾದಾಗ ಜಾರತೈತಿ ಅಂತ ನನಗ ಗೊತ್ತಿತ್ತು."

"ಮತ್ತ ಹೇಳಲಿಲ್ಲಲ್ರಿ?"

"ನೀ ಎಲ್ಲಿ ಕೇಳಿದಿ ಯವ್ವಾ? ಆ ಕಂಪ್ಯೂಟರ್ ಮುಂದ ಕುಂತಿದ್ದಿ. ನನ್ನ ಒಂದ್ ಮಾತ ಕೇಳಿದ್ರ ಅವತ್ತ ಹೇಳತಿದ್ನಿ."

ಅವರು ಒಳಗೆ ಹೋಗಿ ಚಹಾ ತಂದುಕೊಟ್ಟರು.

ಮರುದಿನ ಕಾಕಾರ ಮುಂದೆ, ಶೆಡ್ಡಿನವರೆಲ್ಲ ಕೇಳುವಂತೆ, ತಪ್ಪು ಯಾರದೆಂದು ಹೇಳಿದೆ. ಕಾಕಾ ತಾವೇ ಮೂಲೆಯ ಮಗ್ಗದ ಬಳಿ ಹೋಗಿ, "ಮತ್ತ ಆ ಮಗ್ಗಕ್ಕ ಬಾರವಾ" ಎಂದರು. ಚಿಗವ್ವ ಕೂಡಲೇ ಒಪ್ಪಲಿಲ್ಲ. "ಕೈಯಾಗಿನ ಹಾಸು ಮುಗೀಲಿ. ಆಮ್ಯಾಲ ನೋಡೂನು" ಎಂದರು. ಮಗ್ಗಕ್ಕೆ ಏರಿಸಿದ ಆ ಹಾಸುನೂಲು ನೇಯ್ದು ಮುಗಿಯಲು ಹತ್ತು ದಿನ ಹಿಡಿಯಿತು. ಅಷ್ಟು ದಿನ ಹೊಸ ಪೆಟ್ಟಿಗೆಯ ಮಗ್ಗವನ್ನು ಕಾಕಾ ಖಾಲಿ ನಿಲ್ಲಿಸಿದರು.

ಆ ಬಿಡುವಿನಲ್ಲಿ ನನ್ನ ತಿದ್ದುಪಡಿಯನ್ನು ಡಿಬಗ್ಗರ್ ನೋಡಿಕೊಳ್ಳುವವರ ಮೇಲಿಂಗ್ ಲಿಸ್ಟಿಗೆ ಕಳಿಸಿದೆ. ಯಾವ ದೇಶದವರೋ, ಒಬ್ಬರು ಸಾಲು ಸಾಲಾಗಿ ಓದಿ ಉತ್ತರ ಬರೆದರು: ಪರೀಕ್ಷೆಗಳನ್ನು ಸೇರಿಸಿ, ಕೈಪಿಡಿಗೆ ಒಂದು ಪ್ಯಾರಾ ಬರೆಯಿರಿ, ಬೇರೆ ಪಟ್ಟಿ ಇಟ್ಟುಕೊಂಡರೆ ಸಾಲದೇ, ಇದು ಯಾಕೆ ಬೇಕಾಯಿತು? ಸಂಖ್ಯೆ ಮರುಬಳಕೆಯಾಗುವ ವಿಷಯ ಬರೆದೆ. ಅದರಿಂದ ಒಬ್ಬ ನೇಕಾರ ಮಹಿಳೆಯ ಮೇಲೆ ಸುಳ್ಳು ಆರೋಪ ಹೊರಿಸಿದೆ ಎಂದೂ ಬರೆದು, ಆ ಸಾಲನ್ನು ಅಳಿಸಿದೆ, ಮತ್ತೆ ಬರೆದೆ, ಹಾಗೆಯೇ ಕಳಿಸಿದೆ. ಅವರು ಎರಡು ಸಲ ತಿದ್ದಿಸಿ, ಕೊನೆಗೆ ತಿದ್ದುಪಡಿಯನ್ನು ಒಪ್ಪಿಕೊಂಡರು.

ಚಿಗವ್ವ ಮರಳಿ ಬಂದ ದಿನ ನಾನು ಒಂದು ಸ್ಟೂಲು ತಗೊಂಡು ಆ ಮಗ್ಗದ ಪಕ್ಕ ಕುಳಿತೆ. ಸದ್ದಿನಲ್ಲಿ ಕೇಳಿಸಲೆಂದು ಅವರು ನನ್ನ ಕಿವಿಯ ಹತ್ತಿರ ಬಾಗಿ ಒಂದೊಂದೇ ಹೇಳತೊಡಗಿದರು: ನೂಲೆತ್ತುವ ಯಾವ ಕೊಕ್ಕೆ ತಡವಾಗಿ ಏಳುತ್ತದೆ, ಯಾವ ಬಣ್ಣದ ನೂಲಿಗೆ ಪೆಟ್ಟಿಗೆ ಅವಸರ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿದ್ದವು.