ಗಂಟೆ ಹೊಡೆಯದ ಮಧ್ಯಾಹ್ನ

ಬಿಂಬುಳಿ ಕಾಯಿ ಹಿಂಡಿ ಹಿತ್ತಾಳೆ ತಿಕ್ಕಿದರೆ ಕೈಗೆ ಒಂದು ವಾಸನೆ ಹಿಡಿಯುತ್ತದೆ. ಅರ್ಧ ಹುಳಿಯದು, ಅರ್ಧ ಲೋಹದ್ದು. ಸೋಪು ಹಾಕಿ ತೊಳೆದರೂ ಬೆರಳುಗಳ ಸಂದಿಯಲ್ಲಿ ಉಳಿಯುತ್ತದೆ. ಶುಕ್ರವಾರ ಬೆಳಿಗ್ಗೆ ಕಾಫಿಗೆ ಮೊದಲು ದೀಪ, ತಟ್ಟೆ, ಗಂಟೆ ತಿಕ್ಕಿ ಇಡುವುದು ನನ್ನ ಮನೆಯ ಕ್ರಮ. ಕಳೆದ ಶುಕ್ರವಾರ ಕೆಲಸ ಮುಗಿಸಿ ಯಾಕೋ ಅಂಗೈ ಮೂಸಿ ನೋಡಿದೆ. ನಮ್ಮ ಟೀಚರ್ ಎದುರಿಗೆ ಬಂದು ನಿಂತ ಹಾಗಾಯಿತು...

ಅವರು ಕಾಸರಗೋಡಿನಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಮದುವೆಯಾಗಿರಲಿಲ್ಲ. ಬಿಳಿ ಸೀರೆ, ಗಂಡಸರು ಹಾಕುವಂಥ ದಪ್ಪ ಚಪ್ಪಲಿ, ಸೊಂಟಕ್ಕೆ ಸಿಕ್ಕಿಸಿದ ಕೈಗಡಿಯಾರ. ಪಟ್ಟಿ ಹರಿದುಹೋಗಿದ್ದ ಆ ಗಡಿಯಾರಕ್ಕೆ ಹೊಸ ಪಟ್ಟಿ ಹಾಕಿಸಿದ್ದನ್ನು ನಾನು ನೋಡಲೇ ಇಲ್ಲ. ಶಾಲೆಯ ಹಿತ್ತಾಳೆಯ ಕೈಗಂಟೆ ಅವರ ಮೇಜಿನ ಮೇಲಿರುತ್ತಿತ್ತು. ಅದನ್ನು ಬಿಂಬುಳಿಯಿಂದ ತಿಕ್ಕುವ ಸರದಿ ನಮ್ಮದು. ಚೆನ್ನಾಗಿ ತಿಕ್ಕದವಳು ಮರುದಿನವೂ ತಿಕ್ಕಬೇಕು.

ಸ್ವಾತಂತ್ರ್ಯ ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಂದು ದಿನ ಅವರು ಗೋಡೆಯ ಭೂಪಟದಲ್ಲಿ ನಮ್ಮ ಹತ್ತಿರದ ಊರು ಕುಂಬ್ಡಾಜೆ ತೋರಿಸಿ ಎಂದರು. ಯಾರಿಗೂ ಸಿಗಲಿಲ್ಲ. ಪೈವಳಿಕೆಯೂ ಸಿಗಲಿಲ್ಲ. ಲಂಡನ್ ಮಾತ್ರ ಎಲ್ಲರಿಗೂ ಸಿಕ್ಕಿತು.

"ನೀವು ಉಣ್ಣುವ ಅಕ್ಕಿ ಲಂಡನ್ನಿನಿಂದ ಬರ್ತದಾ?" ಎಂದು ಕೇಳಿದರು. ನಾವು ನಕ್ಕೆವು. ಅವರು ನಗಲಿಲ್ಲ. ದಸರಾ ರಜೆಗೆ ಮೂರು ಎತ್ತಿನ ಗಾಡಿ ಗೊತ್ತು ಮಾಡಿ, ನಮ್ಮ ತರಗತಿಯ ಹುಡುಗಿಯರನ್ನು ಒಳನಾಡಿನ ಊರುಗಳಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮನೆಮನೆಗೆ ಹೋಗಿ ಕೇಳತೊಡಗಿದರು.

ನಮ್ಮ ಮನೆಗೂ ಬಂದರು. ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಸಿಗ್ನಲ್ ನೋಡಿಕೊಳ್ಳುವವರು. ಗಡಿಯಾರ ನೋಡಿ ಏಳುವವರು, ಗಡಿಯಾರ ನೋಡಿ ಉಣ್ಣುವವರು. ನಾನು ಹಾಗೆಯೇ ಬೆಳೆದೆ. ನನ್ನನ್ನು ಶಾಲೆ ಬಿಡಿಸಿ ಮದುವೆ ಮಾಡಬೇಕೆಂದು ನೆಂಟರು ಆಗಲೇ ಅವರ ಕಿವಿ ತುಂಬುತ್ತಿದ್ದರು. ಅಪ್ಪ ಟೀಚರಿಗೆ ಒಂದೇ ಮಾತು ಹೇಳಿದರು.

"ಭಾನುವಾರ ದೀಪ ಹಚ್ಚುವಾಗ ಇವಳು ಮನೆಯಲ್ಲಿರಬೇಕು. ಇಲ್ಲದಿದ್ದರೆ ಇವಳಿಗೆ ಶಾಲೆ ಸಾಕು."

"ಇರ್ತಾಳೆ," ಎಂದರು ಟೀಚರ್.

ಹಾಗೆ ಹೊರಟೆವು. ಗಾಡಿಯೊಳಗೆ ಹೊಸ ಬೈಹುಲ್ಲು, ಅದರ ಮೇಲೆ ಚಾಪೆ, ಚಾಪೆಯ ಮೇಲೆ ನಾವು. ಒಂದೇ ಗಾಡಿಯಲ್ಲಿ ತುಳು, ಕೊಂಕಣಿ, ಮಲಯಾಳ, ಕನ್ನಡ ಎಲ್ಲವೂ ಕೇಳುತ್ತಿತ್ತು. ಜಗಳವಾಡುವಾಗ ಮಾತ್ರ ಎಲ್ಲರದೂ ತುಳು. ಮುಂದಿನ ಗಾಡಿ ಹೊಡೆಯುತ್ತಿದ್ದವರು ಒಬ್ಬ ಬ್ಯಾರಿ ಮುದುಕರು. ಅವರನ್ನು ನಾವೆಲ್ಲ ಕಾಕ ಎಂದು ಕರೆಯುತ್ತಿದ್ದೆವು.

ಟೀಚರ್ ಶಾಲೆಯ ಕೈಗಂಟೆಯನ್ನೂ ತಂದಿದ್ದರು. ಮೊದಲ ದಿನವೇ ನಿಯಮ ಹೇಳಿದರು. ಪ್ರತಿದಿನ ಬೆಳಿಗ್ಗೆ ಗಂಟೆ ಒಬ್ಬಳ ಕೈಗೆ ಹೋಗುತ್ತದೆ. ಅವತ್ತು ಅವಳೇ ಯಜಮಾನಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ರಾತ್ರಿ ಯಾರ ಜಗಲಿ ಕೇಳಬೇಕು, ಎಲ್ಲವೂ ಅವಳದೇ. ಅವಳು ಗಂಟೆ ಹೊಡೆಯದೆ ಗಾಡಿ ಹೊರಡಬಾರದು. "ಅವತ್ತಿಗೆ ನಾನೂ ಅವಳು ಹೇಳಿದ ಹಾಗೆಯೇ," ಎಂದರು. ನಮಗೆ ಅದು ಆಟದ ಹಾಗೆ ಕಂಡಿತು.

ಹೋದ ಊರಿನಲ್ಲೆಲ್ಲ ಯಜಮಾನಿ ಒಂದು ಪ್ರಶ್ನೆ ಕೇಳಬೇಕಿತ್ತು: ಈ ಊರು ಏನು ಮಾರುತ್ತದೆ, ಏನು ಕೊಳ್ಳುತ್ತದೆ? ಕುಂಬ್ಡಾಜೆಯಲ್ಲಿ ಗದ್ದೆಯ ಬದುವಿನಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, "ಅಡಿಕೆ ಮಾರ್ತೇವೆ, ಉಪ್ಪು ಕೊಳ್ತೇವೆ. ನೀವು ಎಂತ ಮಾರ್ಲಿಕ್ಕೆ ಬಂದದ್ದು?" ಎಂದು ತಿರುಗಿ ಕೇಳಿದರು. ಮೂರು ಗಾಡಿ ತುಂಬ ಹುಡುಗಿಯರನ್ನು ನೋಡಿ ಅವರಿಗೆ ಬೇರೆ ಸಂಶಯವೂ ಇತ್ತು. "ದಿಬ್ಬಣ ಅಲ್ವಾ ಇದು? ಮದುಮಗ ಎಲ್ಲಿ?"

"ಹಿಂದೆ ಉಳಿದ, ಅಜ್ಜಿ. ನಮ್ಮ ಗಾಡಿ ಅವನಿಗೋಸ್ಕರ ನಿಲ್ಲಲಿಲ್ಲ," ಎಂದರು ಟೀಚರ್.

ಆ ಅಜ್ಜಿ ನಕ್ಕ ನಗು... ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತು ರಾತ್ರಿ ನಾವು ಮಲಗಿದ್ದು ಅವರ ಜಗಲಿಯಲ್ಲಿಯೇ.

ಅಲ್ಲಿಂದ ಪೈವಳಿಕೆಗೆ ಹೋಗುವ ದಾರಿಯಲ್ಲಿ ಶಿರಿಯಾ ಹೊಳೆ ದಾಟಿದೆವು. ಸೇತುವೆ ಇರಲಿಲ್ಲ, ಗಾಡಿ ನೀರಿಗೇ ಇಳಿಯಬೇಕಿತ್ತು. ನೀರು ಮೊಣಕಾಲಿಗೂ ಬರಲಿಲ್ಲ. ನಡುವೆ ಎಮ್ಮೆ ಮಲಗಿದಂಥ ಒಂದು ಕರಿಬಂಡೆ. ಅದರ ಮೇಲೆ ಕುಳಿತು ಅವಲಕ್ಕಿ ತಿಂದೆವು. "ತಿರುಗಿ ಬರುವಾಗ ನೀರು ಎಷ್ಟು ಉಂಟು ಅಂತ ಹೇಗೆ ಗೊತ್ತು ಮಾಡ್ತೀರಿ?" ಎಂದು ಟೀಚರ್ ಕೇಳಿದರು. ಈ ಬಂಡೆ ಕಂಡರೆ ದಾಟಬಹುದು, ಕಾಣದಿದ್ದರೆ ಇಲ್ಲ ಎಂದು ನಾವೇ ಮಾತಾಡಿ ಗೊತ್ತು ಮಾಡಿಕೊಂಡೆವು. ಕಾಕನೂ ತಲೆಯಾಡಿಸಿದರು.

ಮರಳುವ ದಿನ, ಭಾನುವಾರ, ಗಂಟೆ ನನ್ನ ಕೈಗೆ ಬಂತು.

ಹಿಂದಿನ ಸಂಜೆ ಘಟ್ಟದ ಕಡೆ ಗುಡುಗು ಕೇಳಿಸಿತ್ತು. ಹೊಳೆಯ ಬದಿಗೆ ಬಂದಾಗ ಮಧ್ಯಾಹ್ನ. ನೀರು ಕೆಂಪಾಗಿತ್ತು, ಸದ್ದು ಬೇರೆಯಾಗಿತ್ತು. ಬಂಡೆ ಕಾಣಿಸುತ್ತಿರಲಿಲ್ಲ. ಅದು ಇದ್ದ ಜಾಗದಲ್ಲಿ ನೀರು ಒಂದು ಮಡಿಕೆ ಹಾಕಿಕೊಂಡು ಹರಿಯುತ್ತಿತ್ತು, ಅಷ್ಟೇ.

ಕಾಕ ಇಳಿದು ನೋಡಿ ಬಂದರು. "ನನ್ನ ಎತ್ತುಗಳು ಇದಕ್ಕಿಂತ ಜಾಸ್ತಿ ನೀರು ಕಂಡಿದ್ದಾವೆ ಮಗಾ. ಗಂಟೆ ಹೊಡಿ, ಹೋಗುವ."

ಟೀಚರ್ ಸೊಂಟದಿಂದ ಗಡಿಯಾರ ತೆಗೆದು ನೋಡಿದರು. ಮತ್ತೆ ಅಲ್ಲಿಯೇ ಸಿಕ್ಕಿಸಿಕೊಂಡರು. ಈಗ ದಾಟಿದರೆ ದೀಪದ ಹೊತ್ತಿಗೆ ಮನೆ. ಇಲ್ಲದಿದ್ದರೆ ನನಗೆ ಶಾಲೆ ಇಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಹಿಂದೆ ಗಾಡಿಯಲ್ಲಿ ಗೆಳತಿಯರು ಕುಳಿತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಈಜು ಬರುತ್ತಿರಲಿಲ್ಲ. ಗಂಟೆ ಅಲುಗಿ ಎಲ್ಲಿ ಸದ್ದಾಗುತ್ತದೋ ಎಂದು ಹೆದರಿ ಅದರ ನಾಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ.

"ಬಂಡೆ ಕಾಣ್ತಿಲ್ಲ ಟೀಚರ್," ಎಂದೆ.

"ಅದಕ್ಕೆ?"

"ದಾಟುವುದು ಬೇಡ."

ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಕಾಕನ ಕಡೆ ತಿರುಗಿ, "ಎತ್ತು ಬಿಚ್ಚಿ," ಎಂದರು.

ಹೊಳೆ ಉಕ್ಕಿ ಬಂದು ನನ್ನ ಮಾನ ಉಳಿಸಬಹುದಿತ್ತು. ಹಾಗೇನೂ ಆಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಆಚೆ ದಡದಿಂದ ಹುಲ್ಲು ಹೇರಿಕೊಂಡ ಗಾಡಿಯೊಂದು ನೀರಿಗಿಳಿಯಿತು. ನಡುವಿನಲ್ಲಿ ಒಮ್ಮೆ ಓಲಾಡಿತು, ಆದರೂ ದಾಟಿ ಬಂತು. ಗಾಡಿಯವನು ನಮ್ಮನ್ನೆಲ್ಲ ನೋಡಿ ಶಿಳ್ಳೆ ಹಾಕುತ್ತಾ ಹೋದ. ನನ್ನ ಬೆಂಚಿನ ಗೆಳತಿಯೇ, "ಎಂತ ಯಜಮಾನಿ, ಹುಲ್ಲಿಗೆ ಬಂದ ಧೈರ್ಯ ನಿನಗೆ ಬರ್ಲಿಲ್ವಾ ಮಾರಾಯ್ತಿ?" ಎಂದಳು. ಎಲ್ಲರೂ ನಕ್ಕರು. ಕಾಕನೂ ಮೀಸೆಯಡಿಯಲ್ಲಿ ನಕ್ಕರು. ನನಗೆ ಅಳು ಬಂತು. ಅಳಲಿಲ್ಲ. ಟೀಚರ್ ಬಂದು ಸಮಾಧಾನ ಮಾಡಬಹುದೆಂದು ಕಾದೆ. ಅವರು ಬಂದರು. "ರಾತ್ರಿಗೆ ಯಾರ ಮನೆ ಕೇಳ್ತೀ ಯಜಮಾನಿ? ಹೊತ್ತಾಯ್ತು," ಎಂದರು.

ಮರುದಿನ ಬೆಳಿಗ್ಗೆ ಬಂಡೆಯ ಬೆನ್ನು ಕಾಣಿಸಿತು. ನಮ್ಮ ಗಾಡಿಗಳು ದಾಟಿದವು. ಕಾಸರಗೋಡು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಶಾಲೆಯ ಗೇಟಿನ ಹತ್ತಿರ ಅಪ್ಪ ನಿಂತಿದ್ದರು. ಕೆಲಸದ ಬಟ್ಟೆ, ಬಗಲಿನಲ್ಲಿ ಕೊಡೆ. ಅವರು ಕೆಲಸದ ಹೊತ್ತಿನಲ್ಲಿ ಬೇರೆಲ್ಲಾದರೂ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಟೀಚರ್ ನನಗಿಂತ ಮೊದಲು ಇಳಿದರು.

"ನಿಮಗೆ ಮಾತು ಕೊಟ್ಟವಳು ನಾನು, ತಪ್ಪಿದವಳೂ ನಾನೇ. ಆದರೆ ಗಾಡಿ ನಿಲ್ಲಿಸಿದ್ದು ನಿಮ್ಮ ಮಗಳು. ಶಾಲೆ ಹೋಗ್ತದೆ ಅಂತ ಗೊತ್ತಿದ್ದೇ ನಿಲ್ಲಿಸಿದ್ದು. ಗಂಟೆ ನನ್ನ ಕೈಯಲ್ಲಿ ಇದ್ದಿದ್ದರೆ ನಾನು ದಾಟ್ತಿದ್ದೆ."

ಹೊಳೆಯ ಬದಿಯಲ್ಲಿ ಅವರು ಆಡದೆ ಉಳಿಸಿಕೊಂಡ ಮಾತು ಅದು. ನನಗೂ ಗೊತ್ತಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದರು.

"ಎಂತಕ್ಕೆ ನಿಲ್ಲಿಸಿದ್ದು?"

"ಬಂಡೆ ಕಾಣ್ತಿರಲಿಲ್ಲ ಅಪ್ಪ."

"ನಿಮ್ಮ ಎದುರೇ ಬೇರೆ ಗಾಡಿ ದಾಟಿತಂತಲ್ಲ?" ಮುಂದೆ ಓಡಿದ ಹುಡುಗಿಯರು ಅದನ್ನು ಆಗಲೇ ಹೇಳಿಯಾಗಿತ್ತು.

"ದಾಟಿತು. ಆಗಲೂ ಬಂಡೆ ಕಾಣ್ತಿರಲಿಲ್ಲ."

ಅಪ್ಪ ಕೊಡೆಯನ್ನು ಒಂದು ಬಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಕೆಂಪು ಇದ್ದಾಗ ನಿಲ್ಲಿಸಬೇಕು," ಎಂದರು. ನನಗೋ ಟೀಚರಿಗೋ ತಿಳಿಯಲಿಲ್ಲ. ಹೊರಡುವಾಗ ಹಿಂತಿರುಗದೆಯೇ ಕೇಳಿದರು: "ನಾಳೆ ಶಾಲೆ ಎಷ್ಟು ಹೊತ್ತಿಗೆ?"

ಆ ಮಾತಿನ ಬಲದಲ್ಲಿ ನಾನು ಓದು ಮುಗಿಸಿದೆ. ದಾದಿಯಾದೆ. ಆಸ್ಪತ್ರೆಯ ವಾರ್ಡುಗಳಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿಯರು ನನ್ನನ್ನು ಬಿಗಿ ಎಂದು ಬೈದಿದ್ದಾರೆ. ಬೈಯಲಿ. ಸಂಶಯ ಬಂದಾಗ ದೊಡ್ಡ ಡಾಕ್ಟರರ ಎದುರೂ 'ಬೇಡ' ಎನ್ನಲು ಅವರಿಗೆ ಕಲಿಸಿದ್ದೇನೆ. ಹಾಗೆ ಹೇಳಿದವಳ ಪಕ್ಕದಲ್ಲಿ ನಿಂತಿದ್ದೇನೆ, ಅವಳ ಮಾತು ತಪ್ಪಾದಾಗಲೂ.

ರಾಜ್ಯದ ಗಡಿ ಎಳೆದಾಗ ಮಂಗಳೂರಿಗೆ ಮರಳಿದ್ದ ಟೀಚರ್ ಆ ಕಡೆಯವರಾದರು, ಕಾಸರಗೋಡಿನ ನಾವು ಈ ಕಡೆಯವರಾದೆವು. ಕೆಲವು ವರ್ಷ ಕ್ರಿಸ್ಮಸ್ಸಿಗೆ ಯಾರ ಕೈಯಲ್ಲಾದರೂ ಕುಸ್ವಾರ ತಿಂಡಿಗಳ ಪೊಟ್ಟಣ ಕಳಿಸುತ್ತಿದ್ದರು. ಆಮೇಲೆ ಅದೂ ನಿಂತಿತು... ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಸಮಾಧಿಯ ಹತ್ತಿರ ಹೋಗಿ ನಿಂತು ಬಂದೆ.

ಶಿರಿಯಾ ಹೊಳೆಗೆ ಈಗ ಸೇತುವೆ ಉಂಟು. ಬಸ್ಸಿನಲ್ಲಿ ದಾಟುವಾಗಲೆಲ್ಲ ಕಿಟಕಿಯಿಂದ ಬಂಡೆ ಹುಡುಕುತ್ತೇನೆ. ಅದು ಸೇತುವೆಗಿಂತ ಇನ್ನೂ ಮೇಲಿನ ಕಡೆ ಇತ್ತೋ ಏನೋ, ಸಿಗುವುದಿಲ್ಲ. ಶುಕ್ರವಾರಗಳಲ್ಲಿ ದೇವರ ಮನೆಯ ಗಂಟೆ ತಿಕ್ಕಲು ಎತ್ತಿಕೊಂಡರೆ, ನಾನು ಯೋಚಿಸುವ ಮೊದಲೇ ಹೆಬ್ಬೆರಳು ಹೋಗಿ ಅದರ ನಾಲಗೆಯನ್ನು ಒತ್ತಿ ಹಿಡಿಯುತ್ತದೆ. ತಿಕ್ಕಿ, ತೊಳೆದು, ಒರೆಸಿ ಇಡುವವರೆಗೂ ಆ ಗಂಟೆ ಸದ್ದು ಮಾಡುವುದಿಲ್ಲ.